ಜಿನ್‌ಗಿಂತ ಮೊದಲು ನಿಂಬೆ

ಮಾರಾಯ, ಹೊಸ ಮನೆಗೆ ಗೆಳೆಯರನ್ನು ಕರೆದಿದ್ದೀಯಂತೆ, ಜಿನ್-ನಿಂಬೆಯ ಗಿಮ್ಲೆಟ್ ಮಾಡುವುದು ಹೇಗೆ ಅಂತ ಕೇಳಿದ್ದೀಯ. ಕುಡಿಯಲು ಕಲಿಸು ಅಂತ ಕೇಳಿದ್ದರೆ ಬೈಯುತ್ತಿದ್ದೆ. ಹೇಗೂ ಕುಡಿಯುವವನು, ಮಾಡುವುದನ್ನಾದರೂ ನೆಟ್ಟಗೆ ಕಲಿ. ಹಡಗಿನ ನೌಕರಿಯಲ್ಲಿ ಹೊಟ್ಟೆ ಹೊರೆದ ನಿನ್ನ ಮಾವನಿಗೆ ಇದರ ಮೇಲೆ ತುಸು ಅಭಿಮಾನವೂ ಉಂಟು. ಇದು ಹಡಗಿನವರ ನಿಂಬೆರಸದಿಂದಲೇ ಹುಟ್ಟಿದ್ದು.

ಜಿನ್ ಯಾವುದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅದನ್ನು ಆಮೇಲೆ ನೋಡುವ. ಜುನಿಪರ್ ಕಾಯಿಯ ಘಮ ಮೂಗಿಗೆ ಬಡಿಯುವ ಯಾವುದಾದರೂ ನಡೆಯುತ್ತದೆ. ಗೋವಾದಲ್ಲೇ ಈಗ ಒಳ್ಳೊಳ್ಳೆಯವು ತಯಾರಾಗುತ್ತಿವೆ. ಬಾಟಲಿಗೆ ಸಾವಿರಾರು ರೂಪಾಯಿ ಸುರಿದು ನಿಂಬೆಯಲ್ಲಿ ಉದಾಸೀನ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಗ್ಲಾಸು ಕೆಡುವುದು ಅಲ್ಲೇ.

ಈ ನಿಂಬೆಯ ಹಿಂದೆ ದೊಡ್ಡ ಕತೆಯೇ ಇದೆ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ನಾವಿಕರ ವಸಡು ಕೊಳೆತು ರಕ್ತ ಸುರಿಯುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ನಿಂತರು. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಹಂಚಲು ಮನಸ್ಸು ಮಾಡಿದ್ದು 1795ರಲ್ಲಿ. ಕಚೇರಿ ಕೆಲಸ ಎಲ್ಲ ಕಾಲದಲ್ಲೂ ಅಷ್ಟೇ. ರಸ ಕೆಡದಿರಲಿ ಅಂತ ಅದಕ್ಕೆ ಮದ್ಯ ಬೆರೆಸಿಡುತ್ತಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ ಮದ್ಯವಿಲ್ಲದೆಯೇ ರಸವನ್ನು ಕಾಪಿಡುವ ಬಗೆಗೆ ಪೇಟೆಂಟ್ ಪಡೆದ. ಸಕ್ಕರೆ ಸೇರಿದ ಅವನ ಲೈಮ್ ಕಾರ್ಡಿಯಲ್ ಮನೆಮಾತಾಯಿತು. ಅದೇ ವರ್ಷ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲೂ ನಿಂಬೆರಸ ಕೊಡಲೇಬೇಕೆಂಬ ಕಾನೂನು ಬಂತು. ಅಧಿಕಾರಿಗಳ ಬಳಿ ಜಿನ್ ಇತ್ತು, ಪಕ್ಕದಲ್ಲಿ ಕಾರ್ಡಿಯಲ್ ಇತ್ತು. ಮುಂದಿನದನ್ನು ನಾನು ಹೇಳಬೇಕೆ?

ಆಮೇಲೆ ನೌಕಾಪಡೆಯವರು ಮೆಡಿಟರೇನಿಯನ್ನಿನ ದೊಡ್ಡ ಹಳದಿ ನಿಂಬೆ ಬಿಟ್ಟು ವೆಸ್ಟ್ ಇಂಡೀಸಿನ ಸಣ್ಣ ನಿಂಬೆಗೆ ಹೊರಳಿದ್ದರಿಂದ ಮದ್ದಿನ ಗುಣ ಇಳಿದುಹೋಯಿತು. 1875ರಲ್ಲಿ ಹೊರಟ ಉತ್ತರಧ್ರುವದ ಯಾನದಲ್ಲಿ ರೋಗ ಮತ್ತೆ ಕಾಣಿಸಿಕೊಂಡಿತು. ಆದರೆ ರುಚಿಗೆ ಆ ಸಣ್ಣದೇ ಮೇಲು. ಅದು ಬೇರೆ ಯಾವುದೂ ಅಲ್ಲ, ನಮ್ಮ ಸಂತೆಯಲ್ಲಿ ರಾಶಿ ಹಾಕಿರುವ ತೆಳು ಸಿಪ್ಪೆಯ ನಿಂಬೆಯ ಜಾತಿಯೇ. ವಿಜಯಪುರದ ಇಂಡಿ ಕಡೆಯಿಂದ ಬಂದದ್ದು ಸಿಕ್ಕರೆ ಬಿಡಬೇಡ.

ಅಂಗಡಿಯ ಕಾರ್ಡಿಯಲ್ ತರಬೇಡ, ಮನೆಯಲ್ಲೇ ಮಾಡು. ಹನ್ನೆರಡು ನಿಂಬೆಹಣ್ಣು ತೊಳೆದು ಒರೆಸು. ತುರಿಯುವ ಮಣೆಯ ಸಣ್ಣ ಕಣ್ಣಿನ ಮೇಲೆ ಒಂದೊಂದನ್ನೂ ಹಗುರಾಗಿ ಉಜ್ಜು. ಬಣ್ಣದ ಪದರ ಮಾತ್ರ ಬರಬೇಕು; ಕೆಳಗಿನ ಬಿಳಿ ಕಂಡ ಕೂಡಲೇ ಹಣ್ಣು ತಿರುಗಿಸು, ಅದು ಕಹಿ. ಆ ತುರಿಯನ್ನು 200 ಗ್ರಾಂ ಸಕ್ಕರೆಗೆ ಹಾಕಿ ಬೆರಳ ತುದಿಯಿಂದ ತಿಕ್ಕು. ಐದು ನಿಮಿಷದಲ್ಲಿ ಸಕ್ಕರೆ ಒದ್ದೆ ಮರಳಿನಂತಾಗುತ್ತದೆ, ಅಡುಗೆಮನೆಯೆಲ್ಲ ಘಮಘಮ. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡಿತು ಅಂತ ಲೆಕ್ಕ. ಜಿನ್‌ನ ಘಮಕ್ಕೆ ಜೋಡಿಯಾಗುವುದು ಈ ಎಣ್ಣೆ; ಬರೀ ರಸದಲ್ಲಿ ಹುಳಿ ಇದೆ, ಇದಿಲ್ಲ. ಎರಡು ಗಂಟೆ ಮುಚ್ಚಿಟ್ಟು, ಆಮೇಲೆ 200 ಮಿಲಿ ರಸ ಹಿಂಡಿ ಸುರಿ. ಒಲೆಯ ಮೇಲೆ ಇಡಬೇಡ, ಕಾಸಿದರೆ ರಸದ ತಾಜಾತನ ಹೋಗುತ್ತದೆ. ಕಲಕಿ ಕರಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡು. ಒಂದು ವಾರದಲ್ಲಿ ಮುಗಿಸು. ಹಿಂಡಿದ ಹೋಳುಗಳನ್ನು ಎಸೆಯಬೇಡ, ತಾಮ್ರದ ಚೊಂಬು ತಿಕ್ಕಲು ಆಗುತ್ತದೆ.

ಇನ್ನು ಅಳತೆ. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ ತನ್ನ 1930ರ ಪುಸ್ತಕದಲ್ಲಿ ಅರ್ಧ ಜಿನ್, ಅರ್ಧ ಕಾರ್ಡಿಯಲ್ ಅಂತ ಬರೆದಿದ್ದಾನೆ. ನನಗೆ ಅದು ಪಾಯಸ. 60 ಮಿಲಿ ಜಿನ್‌ಗೆ 30 ಮಿಲಿ ಕಾರ್ಡಿಯಲ್ ಹಾಕು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಇದ್ದರೆ ಶೇಕರ್ ಬೇಡ. ದಪ್ಪ ಐಸ್ ತುಂಡುಗಳನ್ನು ತುಂಬ ಹಾಕು. ಕಡಿಮೆ ಹಾಕಿದರೆ ತಂಪಾಗುವ ಮೊದಲೇ ಕರಗಿ ನೀರಾಗುತ್ತದೆ. ಹನ್ನೆರಡು ಎಣಿಸುವವರೆಗೆ ಜೋರಾಗಿ ಕುಲುಕು. ಡಬ್ಬದ ಹೊರಗೆ ಬಿಳಿ ಮಂಜು ಹತ್ತಿ ಬೆರಳು ಜುಮ್ಮೆಂದರೆ ಆಯಿತು. ಕರಗಿ ಸೇರಿದ ಆ ತುಸು ನೀರೂ ಪಾಕದ ಭಾಗವೇ, ಕುಲುಕದೆ ಬೆರೆಸಿದ್ದು ಗಂಟಲಿಗೆ ಸುಡುತ್ತದೆ. ಫ್ರೀಜರಿನಲ್ಲಿಟ್ಟ ಸಣ್ಣ ಗ್ಲಾಸಿಗೆ ಸೋಸಿ ಕೊಡು. ಪುದೀನ, ಕೊಡೆ ಏನೂ ಬೇಡ.

60 ಮಿಲಿ ಅಂದರೆ ಒಂದು ಲಾರ್ಜ್, ಮರೆಯಬೇಡ. ಬಾಟಲಿಯ ಮೇಲೆ ಸಾಮಾನ್ಯವಾಗಿ ಮದ್ಯಸಾರ ಶೇಕಡಾ 42.8 ಅಂತ ಇರುತ್ತದೆ, ನೋಡು. ಬರೀ ಜಿನ್ ಕುಡಿದರೆ ನಾಲಿಗೆಯೇ ಸಾಕು ಅನ್ನುತ್ತದೆ. ಹುಳಿಸಿಹಿ ಸೇರಿದರೆ ಆ ಎಚ್ಚರಿಕೆ ಮುಚ್ಚಿಹೋಗುತ್ತದೆ. ಮೂರನೆಯದು ಶರಬತ್ತಿನಂತೆ ಇಳಿದು ಏಳುವಾಗ ಕಾಲು ಮಾತು ಕೇಳುವುದಿಲ್ಲ. ಅದಕ್ಕೇ ಕಣ್ಣಂದಾಜು ಬೇಡ, ಪೆಗ್ ಅಳತೆ ಕೈಯಲ್ಲಿರಲಿ. ತಲೆಗೆ ಎರಡಕ್ಕಿಂತ ಹೆಚ್ಚು ಮಾಡಬೇಡ. ಐಸ್ ಮುಗಿಯಿತು ಅಂತ ಹೇಳು, ಇದ್ದರೂ ಹೇಳು. ಗಾಡಿ ತಂದವನಿಗೆ ಒಂದೂ ಬೇಡ, ಕೀ ನಿನ್ನ ಕಿಸೆಯಲ್ಲಿರಲಿ. ಮಾತ್ರೆ ನುಂಗುತ್ತಿರುವವನನ್ನು, ಒಲ್ಲೆ ಅಂದವನನ್ನು ಒತ್ತಾಯ ಮಾಡುವುದು ಆತಿಥ್ಯವಲ್ಲ. ಯಾಕೆ ಬೇಡ ಅಂತಲೂ ಕೇಳಬೇಡ.

ಕುಡಿಯದವರಿಗೂ ಅದೇ ಕಾರ್ಡಿಯಲ್ ಸಲ್ಲುತ್ತದೆ. ರೋಸ್ ಅದನ್ನು ಮಾಡಿದ್ದೇ ಮದ್ಯವಿಲ್ಲದೆ. 40 ಮಿಲಿ ಹಾಕಿ ತಣ್ಣನೆಯ ಸೋಡಾ ತುಂಬಿಸಿ, ಬೇರೆಯವರಿಗೆ ಕೊಟ್ಟಂಥದೇ ಗ್ಲಾಸಿನಲ್ಲಿ ಕೊಡು. ನಿನ್ನ ಅಮ್ಮ ಬಂದಾಗ ಅದಕ್ಕೆ ಚಿಟಿಕೆ ಉಪ್ಪು ಸೇರಿಸು. ಉಪ್ಪಿಲ್ಲದ ನಿಂಬೆ ಶರಬತ್ತು ಅಕ್ಕನಿಗೆ ಸಣ್ಣಂದಿನಿಂದಲೂ ಸೇರುವುದಿಲ್ಲ.