ಫ್ಲೂ ಜ್ವರ: ಹಳೆಯ ವೈರಾಣುವಿನ ಹೊಸ ವೇಷ

2023ರ ಮಾರ್ಚ್ 1ರಂದು ನಮ್ಮ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ 82 ವರ್ಷದ ವೃದ್ಧರೊಬ್ಬರು ಎಚ್3ಎನ್2 ಎಂಬ ಫ್ಲೂ ಜ್ವರದಿಂದ ತೀರಿಕೊಂಡರು. ಅವರಿಗೆ ಮಧುಮೇಹವೂ ರಕ್ತದೊತ್ತಡವೂ ಇದ್ದವು. ನೆರೆಯ ಬೇಲೂರು, ಹಳೇಬೀಡು, ಅರಸೀಕೆರೆಗಳ ಸದ್ಭಕ್ತರು ಇದಾವುದೋ ಹೊಸ ರೋಗವೆಂದು ಗಾಬರಿಗೊಂಡಿದ್ದರೆ ಅದು ಸಹಜವೇ. ಆದರೆ ಆ ವೈರಾಣು ಹೊಸದಲ್ಲ. 1968ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಸುತ್ತಿದ ಮಹಾಮಾರಿಯ ಸಂತತಿಯೇ ಅದು. ಮಹಾಮಾರಿ ಅಡಗಿದ ಮೇಲೂ ವೈರಾಣು ಅಳಿಯಲಿಲ್ಲ. ವರ್ಷವರ್ಷವೂ ಬರುವ ಜ್ವರವಾಗಿ ನಮ್ಮೊಡನೆಯೇ ಉಳಿದುಕೊಂಡಿತು.

ಇದನ್ನು ತಿಳಿಯಲು ಮಠಗಳಲ್ಲಿರುವ ಓಲೆಗರಿಯ ಕಟ್ಟುಗಳನ್ನು ನೆನೆಯೋಣ. ಫ್ಲೂ ವೈರಾಣುವಿನ ವಂಶವಾಹಿಯು ಎಂಟು ಗರಿಗಳ ಕಟ್ಟಿನಂತೆ ಎಂಟು ಬಿಡಿ ತುಂಡುಗಳಲ್ಲಿದೆ. ನಮ್ಮ ಉಸಿರ್ನಾಳದ ಜೀವಕೋಶವನ್ನು ಹೊಕ್ಕು ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆದರೆ ಬರೆದುದನ್ನು ಮತ್ತೆ ಓದಿ ತಿದ್ದುವ ಅಭ್ಯಾಸ ಈ ಲಿಪಿಕಾರನಿಗಿಲ್ಲ. ತಪ್ಪುಗಳು ಸೇರುತ್ತ ಹೋಗಿ, ವೈರಾಣುವಿನ ಮೈಮೇಲಿರುವ 'ಎಚ್' ಮತ್ತು 'ಎನ್' ಎಂಬ ಪ್ರೋಟೀನುಗಳ ರೂಪ ಕೊಂಚಕೊಂಚವಾಗಿ ಬದಲಾಗುತ್ತದೆ. ಹಿಂದಿನ ಜ್ವರದಲ್ಲಿ ದೇಹವು ಗಳಿಸಿದ ರೋಗನಿರೋಧಕ ಶಕ್ತಿ ಹೊಸ ರೂಪವನ್ನು ಅರೆಬರೆಯಾಗಿ ಮಾತ್ರ ಗುರುತಿಸುತ್ತದೆ. ಫ್ಲೂ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಿಕೊಳ್ಳಬೇಕಾದುದು ಮುಖ್ಯವಾಗಿ ಈ ಕಾರಣದಿಂದಲೇ.

ಮಹಾಮಾರಿಯ ಹುಟ್ಟು ಬೇರೆಯದೇ ಬಗೆಯದು. ಕಾಡುಬಾತುಗಳೇ ಮೊದಲಾದ ನೀರುಹಕ್ಕಿಗಳಲ್ಲಿ ಫ್ಲೂ ವೈರಾಣುಗಳ ಅನೇಕ ಪ್ರಭೇದಗಳಿವೆ. ಹಕ್ಕಿಯದೊಂದು, ಮನುಷ್ಯನದೊಂದು ಏಕಕಾಲದಲ್ಲಿ ಒಂದೇ ಜೀವಕೋಶವನ್ನು ಹೊಕ್ಕರೆ, ಎರಡು ಕಟ್ಟುಗಳು ಬಿಚ್ಚಿ ಗರಿಗಳು ಬೆರೆತು ಮೂರನೆಯದೊಂದು ಕಟ್ಟು ಸಿದ್ಧವಾಗಬಹುದು. 1957ರ ಮಹಾಮಾರಿಯ ವೈರಾಣು ಹೀಗೆ ಹಕ್ಕಿಗಳಿಂದ ಮೂರು ಗರಿಗಳನ್ನೂ 1968ರದ್ದು ಎರಡನ್ನೂ ಪಡೆದಿತ್ತು. 'ಎಚ್' ಪೂರ್ತಿ ಹೊಸದಾಗಿದ್ದುದರಿಂದ ಬಹುತೇಕರ ದೇಹಕ್ಕೆ ಅದರ ಗುರುತೇ ಸಿಗಲಿಲ್ಲ. ಆದರೂ ಹಕ್ಕಿಜ್ವರವೆಲ್ಲ ಮಹಾಮಾರಿಯಾಗದು. ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ದಾಟುವ ಶಕ್ತಿ ಬಂದಾಗಲಷ್ಟೇ ಆ ಭಯ.

ಹಾಗೆ ಹುಟ್ಟಿದುದನ್ನು ಊರೂರಿಗೆ ಒಯ್ಯುವವರು ನಾವೇ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಫ್ಲೂ ರೈಲುಹಾದಿಗುಂಟ ಒಳನಾಡಿಗೆ ಹರಡಿತು. ಮಳೆಗಾಲ ಕಳೆಯುತ್ತಿದ್ದಂತೆ ಬಂದ ಎರಡನೆಯ ಅಲೆ ಇನ್ನೂ ಘೋರವಾಗಿತ್ತು. ಮೈಸೂರು ಸಂಸ್ಥಾನವೂ ಅದರಿಂದ ನಲುಗಿತು. ಬೆಂಗಳೂರು–ಪುಣೆ ರೈಲುಹಾದಿಯ ಮೇಲೆ ಅರಸೀಕೆರೆ ಆಗಲೇ ಇತ್ತು. ದೇಶದಲ್ಲಿ ಸತ್ತವರ ಸಂಖ್ಯೆ ಕೋಟಿಯನ್ನು ಮೀರಿತೆಂದು ಅಂದಾಜು. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 1911ಕ್ಕಿಂತ ಕಡಿಮೆಯಿತ್ತು!

ಇಂದಿಗೂ ನಮ್ಮಲ್ಲಿ ಫ್ಲೂ ಹೆಚ್ಚುವುದು ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದ ಕೊನೆಯಲ್ಲಿ. ಮೊದಲನೆಯದು ನಮ್ಮ ಜಾತ್ರೆ, ತೇರುಗಳ ಕಾಲವೇ ಆಗಿದೆ. ರೋಗಿಯು ಜ್ವರ ಬರುವ ಒಂದು ದಿನ ಮೊದಲೇ ಸೋಂಕನ್ನು ಹರಡತೊಡಗುತ್ತಾನೆ. ಅನಂತರ ಸುಮಾರು ಐದಾರು ದಿನ ಹರಡುತ್ತಲೇ ಇರುತ್ತಾನೆ. ಜ್ವರ, ಕೆಮ್ಮು ಇರುವವರು ಆ ದಿನಗಳಲ್ಲಿ ದಾಸೋಹದ ಪಂಕ್ತಿಗೆ ಬಾರದಿದ್ದರೆ ಅದನ್ನು ಭಕ್ತಿಯ ಕೊರತೆಯೆಂದು ನಾವು ಎಣಿಸುವುದಿಲ್ಲ. ಔಷಧದಂಗಡಿಯಲ್ಲಿ ಕೇಳಿ ತರುವ ಆಂಟಿಬಯಾಟಿಕ್ ಮಾತ್ರೆಗಳು ಫ್ಲೂ ವೈರಾಣುವನ್ನು ಕೊಲ್ಲುವುದಿಲ್ಲ. ವೈರಾಣುವಿಗೆಂದೇ ಇರುವ ಒಸೆಲ್ಟಾಮಿವಿರ್ ಔಷಧವು ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ ಕೊಡುತ್ತದೆ. ಆದುದರಿಂದ ಮನೆಯಲ್ಲಿರುವ ವೃದ್ಧರು, ಗರ್ಭಿಣಿಯರು, ಮಧುಮೇಹಿಗಳು ಹಾಗೂ ಉಬ್ಬಸದವರನ್ನು ಜ್ವರ ಬಂದ ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು.