ವಿದೇಶದಲ್ಲಿ ಮನೆಯವರ ಬಂಧನ: ಊರಿನಿಂದಲೇ ಮಾಡಬೇಕಾದ ಕೆಲಸಗಳು

ಗಲ್ಫಿಗೆ ದುಡಿಯಲು ಹೋದ ಮಗನ ಫೋನ್ ಬಂದ್ ಆಗಿದೆ. ಪೊಲೀಸರು ಹಿಡಿದೊಯ್ದರಂತೆ ಎಂದು ಅವನ ರೂಮಿನವರು ತಿಳಿಸುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಯವರು ಆಗ ದಿಲ್ಲಿಗೆ ಓಡಬೇಕಿಲ್ಲ. ಮೊದಲ ಕೆಲಸಗಳೆಲ್ಲ ಊರಲ್ಲೇ ಆಗುವಂಥವು.

1. ಕಾಗದ ಜೋಡಿಸಿ: ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸ್, ವೀಸಾ, ಸೌದಿಯಾದರೆ ಇಕಾಮಾ (ಅಲ್ಲಿನ ವಾಸದ ಪರವಾನಗಿ) ಸಂಖ್ಯೆ, ಕಂಪನಿಯ ಹೆಸರು, ಏಜೆಂಟನಿಗೆ ಹಣ ಕೊಟ್ಟ ರಸೀದಿ ಬೇಕು. ಅರ್ಜಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ.

2. ದೂರು ದಾಖಲಿಸಿ: ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದುಡಿಯಲು ಹೋದವರಿಗಾಗಿ 1800-11-3090 ಸಹಾಯವಾಣಿಯೂ ಇದೆ.

3. ರಾಯಭಾರ ಕಚೇರಿಯ ಭೇಟಿ ಕೇಳಿ: 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ಕೇಳಿದರೆ ಅಲ್ಲಿನ ಸರ್ಕಾರ ನಮ್ಮ ರಾಯಭಾರ ಕಚೇರಿಗೆ ತಿಳಿಸಲೇಬೇಕು. ಫೋನಿಗೆ ಸಿಕ್ಕರೆ ಹಾಗೆ ಕೇಳಲು ಹೇಳಿ. ಅಧಿಕಾರಿಗಳು ಜೈಲಿಗೆ ಹೋಗಿ ಮಾತಾಡಬಹುದು, ವಕೀಲರ ವ್ಯವಸ್ಥೆಗೆ ನೆರವಾಗಬಹುದು. ಅಲ್ಲಿನ ಕೋರ್ಟಿಗೆ ‘ಬಿಡಿ’ ಎನ್ನುವ ಅಧಿಕಾರ ಅವರಿಗಿಲ್ಲ. ಬಡವರಾದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಾನೂನು ನೆರವು ಕೇಳಿ.

4. ಇಲ್ಲಿನ ಸಾಕ್ಷ್ಯ ಕೊಡಿ: ಕುಂದಾಪುರ ಕಡೆಯ ಎಸಿ ಮೆಕ್ಯಾನಿಕ್ ಒಬ್ಬರನ್ನು 2019ರ ಡಿಸೆಂಬರ್‌ನಲ್ಲಿ ಸೌದಿಯಲ್ಲಿ ಬಂಧಿಸಲಾಯಿತು. ಅವರ ಹೆಸರಲ್ಲಿ ಫೇಸ್‌ಬುಕ್‌ನಲ್ಲಿ ಆಕ್ಷೇಪಾರ್ಹ ಬರಹ ಬಂದಿತ್ತು. ಪತ್ನಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ಖಾತೆ ನಕಲಿ ಎಂದು ತನಿಖೆಯಲ್ಲಿ ಗೊತ್ತಾಗಿ, ಅದನ್ನು ಸೃಷ್ಟಿಸಿದ ಇಬ್ಬರು ಸಿಕ್ಕಿಬಿದ್ದರು. 2021ರ ಆಗಸ್ಟ್‌ನಲ್ಲಿ ಆ ಮೆಕ್ಯಾನಿಕ್ ಊರಿಗೆ ಮರಳಿದರು. ನಕಲಿ ಖಾತೆ, ಏಜೆಂಟನ ಮೋಸ ಇಂಥದ್ದೇನಾದರೂ ಇದ್ದರೆ ಸೈಬರ್ ಅಪರಾಧ ನೋಡಿಕೊಳ್ಳುವ ಬಾಗಲಕೋಟೆಯ ಸೆನ್ ಪೊಲೀಸ್ ಠಾಣೆಗೋ ನಿಮ್ಮೂರ ಠಾಣೆಗೋ ದೂರು ಕೊಟ್ಟು, ಎಫ್‌ಐಆರ್ ಪ್ರತಿಯನ್ನು ಮದದ್ ಅರ್ಜಿಗೆ ಸೇರಿಸಿ.

5. ರಾಜ್ಯದ ಬಾಗಿಲೂ ತಟ್ಟಿ: ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿ ಕಚೇರಿ, ಸಂಸದರು, ಬೆಂಗಳೂರಿನ ಅನಿವಾಸಿ ಭಾರತೀಯ ಸಮಿತಿಗೆ ದೂರಿನ ಸಂಖ್ಯೆ ನಮೂದಿಸಿ ಪತ್ರ ಬರೆಯಿರಿ.

6. ಶಿಕ್ಷೆಯಾದರೆ: 2003ರ ಕೈದಿಗಳ ಹಸ್ತಾಂತರ ಕಾಯ್ದೆಯಡಿ, ಒಪ್ಪಂದವಿರುವ ದೇಶಗಳಿಂದ ಉಳಿದ ಶಿಕ್ಷೆಯನ್ನು ಭಾರತದ ಜೈಲಿನಲ್ಲಿ ಅನುಭವಿಸಲು ಅರ್ಜಿ ಹಾಕಬಹುದು. ಕೈದಿಯ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಆರು ತಿಂಗಳ ಶಿಕ್ಷೆಯಾದರೂ ಬಾಕಿಯಿರಬೇಕು.

ಬಿಡಿಸಿಕೊಂಡು ಬರುತ್ತೇವೆ ಎಂದು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ವಿದೇಶಕ್ಕೆ ಹೊರಡುವ ಮುನ್ನವೇ ಏಜೆಂಟನ ಪರವಾನಗಿಯನ್ನು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿಕೊಳ್ಳಿ. ಪಾಸ್‌ಪೋರ್ಟ್, ವೀಸಾದ ಜೆರಾಕ್ಸ್ ಮನೆಯಲ್ಲಿ ಕೊಟ್ಟೇ ಹೋಗಿ.