ಎರಡು ಸಮುದ್ರ ಕೂಡುವ ಸ್ಕಾಗೆನ್: ಹೋಗುವುದು ಹೇಗೆ, ನೋಡುವುದು ಏನು?

ಡೆನ್ಮಾರ್ಕ್ ಪ್ರವಾಸ ಎಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಕೋಪನ್‌ಹೇಗನ್ ಮಾತ್ರ. ಜಲಕನ್ಯೆಯ ಪ್ರತಿಮೆಯ ಮುಂದೆ ಒಂದು ಫೋಟೊ, ಟಿವೊಲಿ ಉದ್ಯಾನದಲ್ಲಿ ಒಂದು ಸಂಜೆ, ಅಲ್ಲಿಗೆ ಮುಗಿಯಿತು. ಕೈಯಲ್ಲಿ ಇನ್ನೂ ಮೂರು ದಿನ ಇದ್ದರೆ ದೇಶದ ಉತ್ತರದ ತುದಿಯಲ್ಲಿರುವ ಸ್ಕಾಗೆನ್‌ಗೆ ಹೋಗಿ. ಎಂಟು ಸಾವಿರದಷ್ಟು ಜನರಿರುವ, ಹಳದಿ ಗೋಡೆ, ಕೆಂಪು ಹೆಂಚಿನ ಮನೆಗಳ ಮೀನುಗಾರರ ಊರಿದು. ಒಂದು ಕಡೆ ಸ್ಕಾಗೆರಾಕ್, ಇನ್ನೊಂದು ಕಡೆ ಕಟ್ಟೆಗಾಟ್ ಸಮುದ್ರ. ಟಿಕೆಟ್ ಕೇಳುವಾಗ ಮಾತ್ರ ‘ಸ್ಕೇನ್’ ಎನ್ನಿ, ಸ್ಥಳೀಯರ ಬಾಯಲ್ಲಿ ಊರಿನ ಹೆಸರು ಹೆಚ್ಚುಕಡಿಮೆ ಹಾಗೆಯೇ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಒಳ್ಳೆಯ ಕಾಲ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ದಾಟಿರುತ್ತದೆ, ಆಮೇಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಜೂನ್ 23ರ ಸಂಜೆ ಸಿಕ್ಕರೆ ಬಿಡಬೇಡಿ. ಸೇಂಟ್ ಹಾನ್ಸ್ ಹಬ್ಬಕ್ಕೆ ಅಂದು ದೇಶದ ಕಡಲತೀರಗಳಲ್ಲೆಲ್ಲ ಬೆಂಕಿ ಹಾಕಿ, ಸುತ್ತ ನಿಂತು ಹಾಡುತ್ತಾರೆ. ಜುಲೈ ಮಧ್ಯದ ವಾರ ಮಾತ್ರ ಬೇಡ. ಕೋಪನ್‌ಹೇಗನ್ನಿನ ಸಿರಿವಂತರು ಅದೇ ವಾರ ಇಲ್ಲಿಗೆ ಬಂದಿಳಿಯುತ್ತಾರೆ, ಕೋಣೆ ಸಿಗುವುದೂ ಕಷ್ಟ, ಸಿಕ್ಕರೂ ಬೆಲೆ ಕೇಳುವಂತಿಲ್ಲ. ಚಳಿಗಾಲದಲ್ಲಿ ಹಗಲು ಆರೂವರೆ ತಾಸಿಗೆ ಇಳಿಯುತ್ತದೆ, ಅರ್ಧ ಊರು ಬಾಗಿಲು ಹಾಕಿರುತ್ತದೆ.

ವೀಸಾ, ಹಣ, ಬ್ಯಾಗು

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಜತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ 15 ದಿನದವರೆಗೆ ಕಾಯುವುದು ಜಾಣತನವಲ್ಲ. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ನಿವಾಸ ಪರವಾನಗಿ ಪಡೆದು ಕೆಲಸದಲ್ಲಿರುವ ಕನ್ನಡಿಗರಿಗೆ ಪ್ರತ್ಯೇಕ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಜೇಬಿನಲ್ಲಿದ್ದರೆ ಸಾಕು.

ಇಲ್ಲಿನ ನಾಣ್ಯ ಯೂರೊ ಅಲ್ಲ, ಕ್ರೋನ್. ಒಂದು ಯೂರೊಗೆ ಸುಮಾರು ಏಳೂವರೆ ಕ್ರೋನ್. ಐಸ್‌ಕ್ರೀಮ್ ಗಾಡಿಯಲ್ಲೂ ಕಾರ್ಡ್ ನಡೆಯುವುದರಿಂದ ನೋಟು ಬದಲಾಯಿಸಿಕೊಳ್ಳುವ ತಾಪತ್ರಯ ಬೇಡ. ಜುಲೈ ಆದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಕೊಡೆ ಮನೆಯಲ್ಲೇ ಇರಲಿ, ಇಲ್ಲಿನ ಗಾಳಿಗೆ ಅದು ನಿಲ್ಲುವುದಿಲ್ಲ.

ತಲುಪುವ ದಾರಿ

ಕೋಪನ್‌ಹೇಗನ್‌ನಿಂದ ರಸ್ತೆಯಲ್ಲಿ ಸುಮಾರು 500 ಕಿ.ಮೀ. ರೈಲಿನಲ್ಲಾದರೆ ಓಲ್ಬೋರ್ಗ್, ಫ್ರೆಡೆರಿಕ್ಸ್‌ಹಾವ್ನ್ ಮೂಲಕ ಹೋಗಬೇಕು. ಫ್ರೆಡೆರಿಕ್ಸ್‌ಹಾವ್ನ್‌ನಿಂದ ಸ್ಕಾಗೆನ್‌ಗೆ ಹೋಗುವ ಪುಟ್ಟ ರೈಲು ದಾರಿ 1890ರದು. ಹೀದರ್ ಪೊದೆ, ಪೈನ್ ತೋಪು, ಮರಳು ದಿಣ್ಣೆಗಳ ನಡುವಿನ ಈ ಮುಕ್ಕಾಲು ತಾಸಿನೊಳಗಿನ ಪ್ರಯಾಣದಲ್ಲಿ ನಿದ್ದೆ ಮಾಡಬೇಡಿ. ಸಮಯ ಉಳಿಯಬೇಕೆಂದರೆ ಓಲ್ಬೋರ್ಗ್‌ವರೆಗೆ ವಿಮಾನ, ಅಲ್ಲಿಂದ ರೈಲು. ಬಸ್ಸು, ರೈಲುಗಳ ವೇಳೆಗೆಲ್ಲ ‘ರೈಸೆಪ್ಲಾನೆನ್’ ಎಂಬ ಒಂದೇ ಆ್ಯಪ್ ಸಾಕು.

ಕಡೇಪಕ್ಷ ಎರಡು ರಾತ್ರಿ ತಂಗಿ. ಹಗಲಿನಲ್ಲಿ ಬಂದು ಭೂಶಿರ ನೋಡಿ, ಮೀನು ತಿಂದು, ಸಂಜೆಯ ರೈಲಿಗೆ ಓಡುವವರು ಸ್ಕಾಗೆನ್ ನೋಡಿದ ಹಾಗಲ್ಲ. ಈ ಊರು ಹೆಸರಾದದ್ದೇ ಸಂಜೆಯ ಬೆಳಕಿನಿಂದ. ಊರೊಳಗೆ ಕೋಣೆ ಹಿಡಿದು ಬಾಡಿಗೆಗೆ ಒಂದು ಸೈಕಲ್ ಪಡೆಯಿರಿ. ನೆಲ ಸಪಾಟು, ಮುಖ್ಯ ತಾಣಗಳಲ್ಲಿ ಬಹುಪಾಲು ಮೂರ್ನಾಲ್ಕು ಕಿ.ಮೀ. ಒಳಗೆ.

ಮೊದಲ ಸಂಜೆ: ಗಾಮೆಲ್ ಸ್ಕಾಗೆನ್

ಬಂದ ದಿನ ಬೇರೇನೂ ಬೇಡ. ಊಟ ಮುಗಿಸಿ ಪಶ್ಚಿಮದ ಹಳೆ ಬಡಾವಣೆ ಗಾಮೆಲ್ ಸ್ಕಾಗೆನ್‌ಗೆ ಸೈಕಲ್ ತುಳಿಯಿರಿ. ಕಡಲ ದಂಡೆಯ ‘ಸೂರ್ಯಾಸ್ತ ಚೌಕ’ದಲ್ಲಿ ಕಂಬಳಿ ಹೊದ್ದು, ಫ್ಲಾಸ್ಕ್ ಹಿಡಿದು ಜನ ಸೇರಿರುತ್ತಾರೆ. ಅರ್ಧ ತಾಸು ಮೊದಲೇ ಹೋದರೆ ಕೂರಲು ಜಾಗ.

ಬೆಳಗ್ಗೆ: ಗ್ರೆನೆನ್

ಪ್ರವಾಸಿ ಬಸ್ಸುಗಳು ಬರುವ ಮುನ್ನ, ಒಂಬತ್ತರೊಳಗೆ ಗ್ರೆನೆನ್‌ನಲ್ಲಿರಿ. ಮರಳಿನ ಭೂಶಿರವಿದು. ವಾಹನ ನಿಲ್ದಾಣದಿಂದ ತುದಿಗೆ ಮರಳಿನಲ್ಲಿ ಅರ್ಧ ತಾಸು ನಡಿಗೆ. ವಯಸ್ಸಾದವರಿಗೆ, ಮಕ್ಕಳಿಗೆ ‘ಸಾಂಡೋರ್ಮೆನ್’ ಇದೆ, ಟ್ರ್ಯಾಕ್ಟರ್ ಎಳೆಯುವ ಬಸ್ಸು. ಬೇಸಿಗೆಯಲ್ಲಿ ಮಾತ್ರ ಓಡುತ್ತದೆ.

ತುದಿ ಮುಟ್ಟಿದಾಗ ಕಾಣುವುದು ಇಷ್ಟು: ಮರಳು ಮೊನಚಾಗುತ್ತ ನೀರಿನೊಳಗೆ ಇಳಿಯುತ್ತದೆ. ಎಡಗಡೆಯಿಂದ ಒಂದು ಅಲೆ, ಬಲಗಡೆಯಿಂದ ಒಂದು ಅಲೆ ಓರೆಯಾಗಿ ಬಂದು ಡಿಕ್ಕಿ ಹೊಡೆದು, ಮಧ್ಯೆ ನೊರೆಯ ಗೆರೆ ಎದ್ದು ನಿಲ್ಲುತ್ತದೆ. ಗಾಳಿ ಜೋರಾಗಿದ್ದ ದಿನ ಈ ಗೆರೆ ದೂರದವರೆಗೂ ಸ್ಪಷ್ಟ. ಒಂದೊಂದು ಸಮುದ್ರದಲ್ಲಿ ಒಂದೊಂದು ಪಾದವಿಟ್ಟು ಫೋಟೊ ತೆಗೆಸಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ, ನೀವೂ ಮಾಡಿ. ಆದರೆ ಪಾದ ಮುಳುಗುವಷ್ಟು ನೀರು ಸಾಕು. ಒಳಸೆಳೆತ ಭಯಂಕರವಾದ್ದರಿಂದ ಇಲ್ಲಿ ಈಜುವುದಕ್ಕೆ ನಿಷೇಧವಿದೆ. ಮರಳಿನ ಮೇಲೆ ಸೀಲ್‌ಗಳು ಬಿದ್ದುಕೊಂಡಿರುತ್ತವೆ. ನೋಡಲು ಸಾಧುವಾಗಿದ್ದರೂ ಹತ್ತಿರ ಹೋದರೆ ಕಚ್ಚುತ್ತವೆ, ಮಕ್ಕಳ ಕೈ ಬಿಡಬೇಡಿ.

ವಾಪಸಾಗುವಾಗ ಕವಿ, ಕಲಾವಿದ ಹೋಲ್ಗರ್ ಡ್ರಾಕ್‌ಮನ್‌ನ ಸಮಾಧಿ ದಿಣ್ಣೆಗಳ ನಡುವೆ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕಟ್ಟಿದ ಕಾಂಕ್ರೀಟ್ ಬಂಕರುಗಳೂ ಅಲ್ಲೇ. ದಾರಿಯಲ್ಲಿ 1858ರ ಬೂದು ದೀಪಸ್ತಂಭ ಹತ್ತಿ. 46 ಮೀಟರ್ ಎತ್ತರದ ಮೇಲಿನಿಂದ ಭೂಶಿರದ ಆಕಾರ ನಕ್ಷೆಯಲ್ಲಿದ್ದಂತೆಯೇ ಕಾಣುತ್ತದೆ. ಕೆಳಗೆ ವಲಸೆ ಹಕ್ಕಿಗಳ ಬಗ್ಗೆ ಒಂದು ಪ್ರದರ್ಶನವಿದೆ. ಊರಿನ ಹತ್ತಿರದ ಬಿಳಿ ದೀಪಸ್ತಂಭ 1747ರದು. ಅದಕ್ಕೂ ಹಿಂದೆ ಕಬ್ಬಿಣದ ಬುಟ್ಟಿಯಲ್ಲಿ ಬೆಂಕಿ ಉರಿಸಿ ಏತದ ಮರದಂಥ ತೊಲೆಯಿಂದ ಮೇಲೆತ್ತುತ್ತಿದ್ದರು. ಅದರ ಪ್ರತಿಕೃತಿಯನ್ನೂ ದಂಡೆಯಲ್ಲಿ ನಿಲ್ಲಿಸಿದ್ದಾರೆ.

ಮಧ್ಯಾಹ್ನ: ಸ್ಕಾಗೆನ್ಸ್ ಮ್ಯೂಸಿಯಂ

ಬಿಸಿಲು ನೆತ್ತಿಗೇರಿದಾಗ ಒಳಗೆ ಬನ್ನಿ. 1870ರ ದಶಕದಿಂದ ಕಲಾವಿದರು ಈ ಬಡ ಬೆಸ್ತರ ಹಳ್ಳಿಗೆ ಬರತೊಡಗಿದರು. ಪಿ. ಎಸ್. ಕ್ರೋಯರ್, ಮಿಕಾಯೆಲ್ ಆಂಕರ್, ಮರೀ ಕ್ರೋಯರ್ ಎಲ್ಲರೂ ಸೇರುತ್ತಿದ್ದದ್ದು ಬ್ರೋಂಡಮ್ ಹೋಟೆಲಿನಲ್ಲಿ. ಹೋಟೆಲಿನ ಮಗಳೇ ಆನಾ ಆಂಕರ್. ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1859ರ ಆಗಸ್ಟ್‌ನಲ್ಲಿ ಇಲ್ಲಿ ಉಳಿದುಕೊಂಡಾಗ, ದೊಡ್ಡ ಅತಿಥಿಯ ಊಟದ ಗಡಿಬಿಡಿಯಲ್ಲೇ ತಾಯಿಗೆ ನೋವು ಶುರುವಾಗಿ ಆನಾ ಹುಟ್ಟಿದಳು ಎಂಬ ಕಥೆ ಊರಲ್ಲಿ ಇಂದಿಗೂ ಇದೆ. ಆ ಕಾಲದಲ್ಲಿ ರಾಯಲ್ ಅಕಾಡೆಮಿಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಖಾಸಗಿ ಶಾಲೆಯಲ್ಲಿ ಕಲಿತ ಆಕೆಯ ಚಿತ್ರಗಳೇ, ನನ್ನ ಮಟ್ಟಿಗೆ, ಈ ಮ್ಯೂಸಿಯಂನ ಸೊತ್ತು. ‘ನೀಲಿ ಕೋಣೆಯಲ್ಲಿ ಬಿಸಿಲು’ (1891) ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೆಣೆಯುತ್ತ ಕುಳಿತ ಹುಡುಗಿಯ ಬೆನ್ನು, ಗೋಡೆಯ ಮೇಲೆ ಕಿಟಕಿಯಾಕಾರದ ಬಿಸಿಲು, ಅಷ್ಟೇ ಚಿತ್ರ.

ಕ್ರೋಯರ್‌ನ ಪ್ರಸಿದ್ಧ ಕಡಲತೀರದ ಸಂಜೆ (1893) ಇಲ್ಲೇ ಇದೆ. ಅದರಲ್ಲಿ ನಡೆಯುತ್ತಿರುವವರು ಆನಾ ಮತ್ತು ಮರೀ. ಕಲಾವಿದರು ಗ್ಲಾಸು ಎತ್ತಿ ನಿಂತಿರುವ ‘ಹಿಪ್ ಹಿಪ್ ಹುರ್ರಾ’ ಮಾತ್ರ ಇಲ್ಲಿ ಹುಡುಕಬೇಡಿ, ಅದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದೆ. ಫ್ರೆಡೆರಿಕ್ಸ್‌ಹಾವ್ನ್‌ನಿಂದ ಅಲ್ಲಿಗೆ ಹಡಗಿದೆ, ಹುಚ್ಚಿದ್ದವರು ಹೋಗಬಹುದು. ಹೋಟೆಲಿನ ಹಳೆಯ ಊಟದ ಕೋಣೆಯನ್ನು ಗೋಡೆಯ ಭಾವಚಿತ್ರಗಳ ಸಮೇತ ಮ್ಯೂಸಿಯಂಗೆ ತಂದಿಟ್ಟಿದ್ದಾರೆ. ಸಮಯವಿದ್ದರೆ ನಡೆದು ಹೋಗುವ ದೂರದಲ್ಲಿರುವ ಆಂಕರ್ ದಂಪತಿಯ ಮನೆಯನ್ನೂ ನೋಡಿ.

ಮರಳಿನ ಕಥೆ

ಈ ಭಾಗದ ನಿಜವಾದ ಯಜಮಾನ ಮರಳು. ಊರಿನ ನೈಋತ್ಯಕ್ಕೆ ಸೈಕಲ್ ದಾರಿಯಲ್ಲಿ ಸಿಗುವ ಬಿಳಿ ಗೋಪುರವೇ ಹೂತುಹೋದ ಚರ್ಚಿನ ಉಳಿಕೆ. ತಲಕಾಡು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹದಿನೆಂಟನೇ ಶತಮಾನದಲ್ಲಿ ಭಕ್ತರು ಬಾಗಿಲ ಮುಂದಿನ ಮರಳು ಅಗೆದು ಪ್ರಾರ್ಥನೆಗೆ ಹೋಗಬೇಕಾಗಿತ್ತು. ಸಾಕಾಗಿ 1795ರಲ್ಲಿ ಚರ್ಚನ್ನು ಮುಚ್ಚಿದರು. ಕಟ್ಟಡ ಕೆಡವಿದರೂ ನಾವಿಕರ ಗುರುತಿಗೆಂದು ಗೋಪುರ ಉಳಿಸಿಕೊಂಡರು.

ಮರ ಕಡಿದು, ದನಕುರಿ ಮೇಯಿಸಿ ಬರಡಾದ ನೆಲದಿಂದ ಎದ್ದ ಮರಳಿದು. ಆಮೇಲೆ ಸರಕಾರ ಹುಲ್ಲು, ಮರ ನೆಡಿಸಿ ಅದನ್ನು ಕಟ್ಟಿಹಾಕಿತು. ಒಂದು ದಿಣ್ಣೆಯನ್ನು ಮಾತ್ರ ಮುಂದಿನವರು ನೋಡಲೆಂದು ಬೇಕೆಂದೇ ಬಿಟ್ಟಿತು. ಅದೇ ಊರಿನ ದಕ್ಷಿಣಕ್ಕೆ 16 ಕಿ.ಮೀ. ದೂರದ ರೋಬ್ಯರ್ ಮೀಲೆ. ಸುಮಾರು ಒಂದು ಚದರ ಕಿ.ಮೀ. ವಿಸ್ತಾರದ ಈ ಮರಳುರಾಶಿ ವರ್ಷಕ್ಕೆ 18 ಮೀಟರಿನಷ್ಟು ಈಶಾನ್ಯಕ್ಕೆ ಸರಿಯುತ್ತಿದೆ. ಕಾರಿಲ್ಲದವರು ರೈಲಿನಲ್ಲಿ ಹುಲ್ಸಿಗ್‌ಗೆ ಹೋಗಿ, ಅಲ್ಲಿಂದ ಸೈಕಲ್ ತುಳಿಯಬಹುದು. ಪ್ರವೇಶಕ್ಕೆ ಟಿಕೆಟ್ ಇಲ್ಲ. ಕನ್ನಡಕ ಹಾಕಿಕೊಂಡು, ಕ್ಯಾಮೆರಾ ಚೀಲದೊಳಗಿಟ್ಟು ಹತ್ತಿ.

ಊಟದ ಮಾತು

ಬಂದರಿನ ಕೆಂಪು ಮೀನಿನ ಗೋದಾಮುಗಳಲ್ಲಿ ಈಗ ಹೋಟೆಲುಗಳಿವೆ. ಮೀನು ತಿನ್ನುವವರಿಗೆ ಹುರಿದ ಪ್ಲೇಸ್, ಸಿಗಡಿ, ಹೊಗೆಯಾಡಿಸಿದ ಮೀನು, ಉಪ್ಪು-ಹುಳಿಯಲ್ಲಿ ನೆನೆಸಿದ ಹೆರಿಂಗ್ ಸಾಕುಸಾಕು ಎನ್ನುವಷ್ಟು. ಸಸ್ಯಾಹಾರಿಗಳ ಪಾಡು ಅಷ್ಟು ಸಲೀಸಲ್ಲ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಅಂಗಡಿಯಿಂದ ರೈ ಬ್ರೆಡ್, ಆಲೂಗಡ್ಡೆ, ಮೊಸರು ತಂದುಕೊಳ್ಳುವುದು ಲೇಸು. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಬೇಡ: ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ. ಅಡುಗೆಯವರು ಬೇಗ ಒಲೆ ಆರಿಸುತ್ತಾರೆ, ರಾತ್ರಿ ಒಂಬತ್ತಕ್ಕೆ ಊಟಕ್ಕೆ ಹೊರಡುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ಮೂರನೇ ದಿನ ಕಾರಿದ್ದರೆ

ಹಿಂದಿರುಗುವ ದಾರಿಯಲ್ಲಿ ಲೋಂಸ್ಟ್ರುಪ್ ಬಳಿಯ ರುಬ್ಯರ್ ಕ್ನೂಡೆ ದೀಪಸ್ತಂಭಕ್ಕೆ ಹೋಗಿ. ಕಡಲಕೊರೆತದಿಂದ ಬೀಳುವಂತಾಗಿದ್ದ ಇದನ್ನು 2019ರ ಅಕ್ಟೋಬರ್‌ನಲ್ಲಿ ಹಳಿಗಳ ಮೇಲೆ ಇಡಿಯಾಗಿ 70 ಮೀಟರ್ ಒಳಕ್ಕೆ ಸರಿಸಿದರು. ಕಡಲಿನ ಕಡೆಯ ಬಂಡೆಯಂಚು ಸಡಿಲ ಮಣ್ಣಿನದು, ಅಂಚಿಗೆ ಹೋಗಬೇಡಿ. ಕಾರಿಲ್ಲದಿದ್ದರೆ ಇದನ್ನು ಕೈಬಿಟ್ಟು ಸ್ಕಾಗೆನ್‌ನಲ್ಲೇ ಇನ್ನೊಂದು ಸಂಜೆ ಕಳೆಯಿರಿ. ತುರ್ತು ಸಹಾಯಕ್ಕೆ ದೇಶದಲ್ಲೆಲ್ಲ ಒಂದೇ ಸಂಖ್ಯೆ, 112.